ವಿರಳ ಲೋಹಗಳೂ ಪರಮಾಣು ಶಕ್ತಿಯೂ

ಚೀನ ಸರಕಾರವು 2025ನೆಯ ಇಸವಿ ಏಪ್ರಿಲ್ 4ನೆಯ ತಾರೀಖಿನಂದು ಏಳು ಲೋಹಗಳ ರಫ್ತಿಗೆ ಪರವಾನಗಿಯ ಕಟ್ಟನ್ನು ವಿಧಿಸಿತು. ಸಮೇರಿಯಂ, ಗ್ಯಾಡೊಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೀಷಿಯಂ, ಸ್ಕ್ಯಾಂಡಿಯಂ, ಯಿಟ್ರಿಯಂ ಎಂಬ ಈ ಹೆಸರುಗಳನ್ನು ಅದಕ್ಕೆ ಮೊದಲು ಕೇಳಿದ್ದವರು ನಮ್ಮಲ್ಲಿ ಬಹು ಮಂದಿ ಇದ್ದಿರಲಾರರು. ಅದೇ ವರುಷದ ಅಕ್ಟೋಬರ್ 9ರಂದು ಮತ್ತೆ ಐದು ಲೋಹಗಳು ಆ ಪಟ್ಟಿಗೆ ಸೇರಿದವು. ಅಮೆರಿಕದೊಡನೆ ನಡೆದ ಸಂಧಾನದ ಫಲವಾಗಿ ಈ ಎರಡನೆಯ ಆಜ್ಞೆಯನ್ನು ನವೆಂಬರಿನಲ್ಲಿ ಒಂದು ವರುಷದ ಮಟ್ಟಿಗೆ ತಡೆಹಿಡಿಯಲಾಯಿತು. ಏಪ್ರಿಲ್ ತಿಂಗಳ ಆಜ್ಞೆಯು ಆ ತಡೆಯಲ್ಲಿ ಸೇರಿರಲಿಲ್ಲವೆಂಬುದನ್ನು ವಾಚಕರು ಗಮನಿಸತಕ್ಕದ್ದು.

ಈ ಸಂಗತಿಯ ಮೇಲೆ ನಮ್ಮ ದೇಶದಲ್ಲಿ ನಡೆದ ಚರ್ಚೆಯೆಲ್ಲವೂ ವಿದ್ಯುತ್ ಮೋಟಾರು ಗಾಡಿಗಳ ಅಯಸ್ಕಾಂತದ ಸುತ್ತಲೇ ತಿರುಗಿತು. ಗಾಡಿ ತಯಾರಿಸುವ ಕಾರಖಾನೆಗಳಿಗೆ ತಟ್ಟಿದ ಬಿಸಿ ಅಂಥದ್ದಾಗಿದ್ದುದರಿಂದ ಅದು ಸಹಜವೇ. ಆದರೆ ಪಟ್ಟಿಯಲ್ಲಿದ್ದ ಯಿಟ್ರಿಯಂ ಅಯಸ್ಕಾಂತದ ಲೋಹವಲ್ಲ. ಜೆಟ್ ವಿಮಾನದ ಎಂಜಿನ್ನಿನ ಒಳಮೈಗೆ ಬಳಿಯುವ ಶಾಖನಿರೋಧಕ ಲೇಪದಲ್ಲಿ, ಲೇಸರಿನಲ್ಲಿ, ದೀಪದ ಪುಡಿಗಳಲ್ಲಿ ಅದು ಬೇಕಾಗುವುದು. ಇವುಗಳಲ್ಲದೆ ಇನ್ನೊಂದು ಉಪಯೋಗವುಂಟು. ಜಲಜನಕದೊಡನೆ ಕೂಡಿ ಹೈಡ್ರೈಡ್ ಎಂಬ ಸಂಯುಕ್ತವಾದಾಗ ಅದು ಪರಮಾಣು ರಿಯಾಕ್ಟರಿನ ಒಳಗೆ ಅಪೂರ್ವವಾದ ಕೆಲಸವನ್ನು ಮಾಡಬಲ್ಲುದು. "ನಮ್ಮ ಕಡಲ ಮರಳಿನಲ್ಲಿ ಈ ಲೋಹಗಳೆಲ್ಲ ಹೇರಳವಾಗಿರುವಾಗ ಪರರ ಹಂಗೇಕೆ?" ಎಂಬ ಮಾತು ಈಚೆಗೆ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಕೇಳಿಬರುತ್ತಿದೆ. ಕಿವಿಗೆ ಇಂಪಾದ ಈ ಮಾತು ಎಷ್ಟರ ಮಟ್ಟಿಗೆ ನಿಜವೆಂದು ತಿಕ್ಕಿ ನೋಡುವುದಕ್ಕೆ ಯಿಟ್ರಿಯಂ ಹೈಡ್ರೈಡಿಗಿಂತ ಒಳ್ಳೆಯ ಒರೆಗಲ್ಲು ಸಿಕ್ಕದು.

ವಿರಳಮೃತ್ತಿಕಾ ಲೋಹಗಳೆಂದು, ಅಂದರೆ ಇಂಗ್ಲಿಷಿನಲ್ಲಿ ರೇರ್ ಅರ್ತ್ ಎಂದು, ಕರೆಯಲ್ಪಡುವವು ಒಟ್ಟು ಹದಿನೇಳು. ಹೆಸರು ಅಷ್ಟು ಒಪ್ಪುವಂಥದಲ್ಲ. ಅವುಗಳಲ್ಲೊಂದಾದ ಸೀರಿಯಂ ಭೂಮಿಯ ಮೇಲ್ಪದರದಲ್ಲಿ ಸುಮಾರಾಗಿ ತಾಮ್ರದಷ್ಟೇ ಇರುವುದು. ಸ್ವೀಡನ್ ದೇಶದ ಯಿಟ್ಟರ್ಬಿ ಎಂಬ ಹಳ್ಳಿಯ ಗಣಿಯಲ್ಲಿ ಸಿಕ್ಕಿದ ಕಪ್ಪು ಕಲ್ಲನ್ನು ಯೋಹಾನ್ ಗ್ಯಾಡೊಲಿನ್ ಎಂಬ ರಸಾಯನಜ್ಞನು 1794ರಲ್ಲಿ ಪರೀಕ್ಷಿಸಿದಲ್ಲಿಂದ ಇವುಗಳ ಚರಿತ್ರೆ ಮೊದಲಾಯಿತು. ಯಿಟ್ರಿಯಂ, ಟರ್ಬಿಯಂ, ಎರ್ಬಿಯಂ, ಯಿಟ್ಟರ್ಬಿಯಂ ಎಂಬ ನಾಲ್ಕು ಹೆಸರುಗಳು ಆ ಒಂದು ಹಳ್ಳಿಯ ಹೆಸರಿನಿಂದಲೇ ಹುಟ್ಟಿದುವು. ನಿಜವಾಗಿ ವಿರಳವಾದುದು ಲೋಹವಲ್ಲ, ಅದರ ಶುದ್ಧಿ. ಈ ಹದಿನೇಳರಲ್ಲಿ ಬಹುಪಾಲು ಲೋಹಗಳು ಒಂದೇ ಅದಿರಿನಲ್ಲಿ ಹೆಣೆದುಕೊಂಡು ಬರುವುವು. ರಾಸಾಯನಿಕ ನಡತೆಯಲ್ಲಿ ಅವಳಿ ಮಕ್ಕಳಂತೆ ಒಂದನ್ನೊಂದು ಹೋಲುವುವು. ಈ ಮಾತಿಗೆ ನಾವು ಮುಂದೆ ಮತ್ತೆ ಬರಬೇಕಾಗುವುದು.

ಈ ಲೋಹಗಳಿಗೆ ಜಲಜನಕದ ಮೇಲಿರುವ ಆಸೆ ಅಸಾಧಾರಣವಾದುದು. ಶುದ್ಧ ಯಿಟ್ರಿಯಂ ಲೋಹದ ತುಂಡನ್ನು ಜಲಜನಕದಲ್ಲಿಟ್ಟು ಕೆಲವು ನೂರು ಡಿಗ್ರಿ ಕಾಯಿಸಿದರೆ ಅದು ಅನಿಲವನ್ನು ಹೀರತೊಡಗುವುದು. ಹೀರುವಾಗ ತಾನೇ ಶಾಖವನ್ನು ಬಿಡುವುದು. ಲೋಹದ ಪ್ರತಿಯೊಂದು ಪರಮಾಣುವಿಗೆ ಎರಡು ಜಲಜನಕ ಪರಮಾಣುಗಳು ಸೇರಿದಾಗ ದ್ವಿಹೈಡ್ರೈಡ್ ಆಗುವುದು. ಅದು ಇನ್ನೂ ಲೋಹದಂತೆಯೇ ವಿದ್ಯುತ್ತನ್ನು ಹರಿಯಗೊಡುವುದು. ಮೂರನೆಯ ಪರಮಾಣುವನ್ನೂ ತುರುಕಿದರೆ ಲೋಹಗುಣವು ಅಳಿದು ವಿದ್ಯುತ್ತು ಹರಿಯದ ವಸ್ತುವಾಗಿ ಮಾರ್ಪಡುವುದು. 1996ರಲ್ಲಿ ಆಂಸ್ಟರ್‌ಡಾಮಿನ ವಿಜ್ಞಾನಿಗಳು ಯಿಟ್ರಿಯಂ ಮತ್ತು ಲ್ಯಾಂಥನಂಗಳ ತೆಳುವಾದ ಹಾಳೆಗಳ ಮೇಲೆ ಜಲಜನಕವನ್ನು ಹಾಯಿಸಿ, ಕನ್ನಡಿಯಂತೆ ಹೊಳೆಯುತ್ತಿದ್ದುದು ಕಣ್ಣೆದುರಿಗೇ ಪಾರದರ್ಶಕವಾಗುವುದನ್ನೂ ಅನಿಲವನ್ನು ತೆಗೆದರೆ ಮತ್ತೆ ಕನ್ನಡಿಯಾಗುವುದನ್ನೂ ತೋರಿಸಿಕೊಟ್ಟರು. ಆದರೆ ರಿಯಾಕ್ಟರು ಕಟ್ಟುವವರಿಗೆ ಬೇಕಾದುದು ಈ ಚಮತ್ಕಾರವಲ್ಲ. ಒಂದು ಘನ ಸೆಂಟಿಮೀಟರು ಯಿಟ್ರಿಯಂ ದ್ವಿಹೈಡ್ರೈಡಿನಲ್ಲಿ, ಸೊನ್ನೆಗಿಂತ 253 ಡಿಗ್ರಿ ಕೆಳಗಿನ ಚಳಿಯಲ್ಲಿ ದ್ರವವಾಗಿ ನಿಂತ ಜಲಜನಕದಲ್ಲಿರುವುದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ಜಲಜನಕ ಅಡಗಿರುವುದು. ಅಷ್ಟೇ ನೀರಿನಲ್ಲಿರುವ ಜಲಜನಕದ ನೂರಕ್ಕೆ ಎಂಬತ್ತೈದರಷ್ಟು ಇರುವುದು. ಅದೂ ಎಂಥ ಸ್ಥಿತಿಯಲ್ಲಿ? ಕೆಂಪಗೆ ಕಾದ ಗಟ್ಟಿ ಲೋಹದ ಒಡಲಲ್ಲಿ.

ಜಲಜನಕವನ್ನು ಇಷ್ಟು ಪ್ರಯಾಸದಿಂದ ರಿಯಾಕ್ಟರಿನೊಳಗೆ ಇಡಬೇಕೇಕೆ ಎಂಬ ಪ್ರಶ್ನೆಗೆ ಮಕ್ಕಳ ಗೋಲಿಯಾಟದಲ್ಲಿಯೇ ಉತ್ತರವಿದೆ. ಓಡುವ ಗೋಲಿಯು ಬಂಡೆಗಲ್ಲಿಗೆ ತಾಗಿದರೆ ಬಂದ ವೇಗದಲ್ಲಿಯೇ ಹಿಂದಕ್ಕೆ ಚಿಮ್ಮುವುದು. ತನ್ನಷ್ಟೇ ತೂಕದ ಇನ್ನೊಂದು ಗೋಲಿಗೆ ನೇರವಾಗಿ ತಾಗಿದರೆ ತನ್ನ ವೇಗವನ್ನು ಅದಕ್ಕೆ ಕೊಟ್ಟು ತಾನು ನಿಲ್ಲುವುದು. ಯುರೇನಿಯಂ ಪರಮಾಣು ಒಡೆದಾಗ ಹೊರಬೀಳುವ ನ್ಯೂಟ್ರಾನುಗಳು ಅತಿ ವೇಗದವು. ಮುಂದಿನ ಪರಮಾಣುವನ್ನು ಸುಲಭವಾಗಿ ಒಡೆಯಬೇಕಾದರೆ ಅವು ನಿಧಾನವಾಗಬೇಕು. ಹಾಗೆ ನಿಧಾನಗೊಳಿಸುವ ವಸ್ತುವಿಗೆ ಮಂದಕವೆಂದು ಹೆಸರು. ಜಲಜನಕದ ತೂಕವು ನ್ಯೂಟ್ರಾನಿನ ತೂಕಕ್ಕೆ ಸಮನಾದುದರಿಂದ ಸರಾಸರಿ ಹದಿನೆಂಟು ಡಿಕ್ಕಿಗಳಲ್ಲಿ ಕೆಲಸ ಮುಗಿಯುವುದು. ಭಾರಜಲದಲ್ಲಿರುವ ಭಾರ ಜಲಜನಕಕ್ಕೆ ಇಪ್ಪತ್ತೈದು ಡಿಕ್ಕಿಗಳು ಬೇಕು, ಗ್ರಾಫೈಟಿನ ಇಂಗಾಲಕ್ಕೆ ನೂರಕ್ಕೂ ಮೇಲ್ಪಟ್ಟು. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ ಈ ಕೆಲಸವನ್ನು ಭಾರಜಲವು ಮಾಡುತ್ತಿದೆ. ಅಲ್ಲಿಯ ಮೊದಲನೆಯ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿವಸ ಒಂದೇ ಸಮನೆ ನಡೆದು ಲೋಕದ ದಾಖಲೆಯನ್ನು ಮುರಿದುದನ್ನು ವಾಚಕರು ಬಲ್ಲರು. ಆದರೆ ನೀರಿಗೆ, ಅದು ಭಾರಜಲವೇ ಆಗಿರಲಿ, ಕುದಿಯುವ ಸ್ವಭಾವ ತಪ್ಪಿದ್ದಲ್ಲ. ಕೂಡಂಕುಳಂ ಜಾತಿಯ ರಿಯಾಕ್ಟರುಗಳಲ್ಲಿ ನೀರನ್ನು ಸುಮಾರು 320 ಡಿಗ್ರಿಯಲ್ಲಿ ದ್ರವವಾಗಿಯೇ ಹಿಡಿದಿಡುವುದಕ್ಕೆ ವಾತಾವರಣದ 150 ಪಟ್ಟಿಗೂ ಮಿಕ್ಕ ಒತ್ತಡವನ್ನು ಹೇರಬೇಕು. ಅದನ್ನು ತಡೆಯಲು ದಪ್ಪನಾದ ಉಕ್ಕಿನ ಕೊಪ್ಪರಿಗೆ ಬೇಕು. ಲಾರಿಯ ಮೇಲೆ ಒಯ್ಯುವಷ್ಟು ಅಥವಾ ಚಂದ್ರನ ಮೇಲೆ ಇಳಿಸುವಷ್ಟು ಚಿಕ್ಕದಾದ, ಏಳೆಂಟು ನೂರು ಡಿಗ್ರಿಯ ಶಾಖವನ್ನು ಕೊಡುವ ರಿಯಾಕ್ಟರು ಬೇಕೆಂದರೆ ನೀರು ನಡೆಯದು. ಗ್ರಾಫೈಟು ಬಿಸಿಯನ್ನು ತಾಳಿದರೂ ಜಾಗವನ್ನು ಬಹಳ ಬೇಡುವುದು.

ಹೈಡ್ರೈಡುಗಳು ಈ ಇಕ್ಕಟ್ಟಿನ ನಡುವೆ ದಾರಿ ಮಾಡಿಕೊಟ್ಟವು. ಮೊದಲು ಬಳಕೆಗೆ ಬಂದುದು ವಿರಳ ಲೋಹವಲ್ಲ, ಜಿರ್ಕೋನಿಯಂ. ಯುರೇನಿಯಂ ಮತ್ತು ಜಿರ್ಕೋನಿಯಂ ಹೈಡ್ರೈಡುಗಳನ್ನು ಒಂದೇ ಒಡಲಾಗಿ ಬೆರೆಸಿದ ಟ್ರೈಗಾ ಎಂಬ ಚಿಕ್ಕ ರಿಯಾಕ್ಟರು 1958ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊದಲ್ಲಿ ಮೊದಲ ಬಾರಿಗೆ ನಡೆಯಿತು. ಅದು ಬಿಸಿಯಾದ ಕೂಡಲೆ ಒಳಗಿನ ಜಲಜನಕವೇ ನ್ಯೂಟ್ರಾನುಗಳಿಗೆ ವೇಗವನ್ನು ಮರಳಿ ಕೊಟ್ಟು ಕ್ರಿಯೆಯನ್ನು ಕುಗ್ಗಿಸುವುದರಿಂದ, ಅದರ ಸುರಕ್ಷತೆಯು ಯಂತ್ರದ ಮೇಲಲ್ಲದೆ ಪ್ರಕೃತಿನಿಯಮದ ಮೇಲೆ ನಿಂತಿತು. ಅರವತ್ತಕ್ಕೂ ಹೆಚ್ಚು ಟ್ರೈಗಾಗಳು ಲೋಕದ ನಾನಾ ವಿಶ್ವವಿದ್ಯಾಲಯಗಳಿಗೂ ಆಸ್ಪತ್ರೆಗಳಿಗೂ ಹೋದವು. ಅಮೆರಿಕವು 1965ರ ಏಪ್ರಿಲ್ 3ರಂದು ಅಂತರಿಕ್ಷಕ್ಕೆ ಹಾರಿಸಿದ ಸ್ನ್ಯಾಪ್-10ಎ ರಿಯಾಕ್ಟರಿನಲ್ಲಿಯೂ ಜಿರ್ಕೋನಿಯಂ ಹೈಡ್ರೈಡೇ ಇದ್ದಿತು. 43 ದಿವಸ ನಡೆದು, ರಿಯಾಕ್ಟರಿನದಲ್ಲದ ಒಂದು ವಿದ್ಯುತ್ ಉಪಕರಣದ ದೋಷದಿಂದ ನಿಂತ ಅದು ಇಂದಿಗೂ ಭೂಮಿಯನ್ನು ಸುತ್ತುತ್ತಿದೆ.

ಜಿರ್ಕೋನಿಯಂ ಹೈಡ್ರೈಡಿಗೆ ಒಂದು ಮಿತಿಯುಂಟು. ಏಳುನೂರು ಎಂಟುನೂರು ಡಿಗ್ರಿಯ ಆಚೆಗೆ ಅದು ಹಿಡಿದಿದ್ದ ಜಲಜನಕವನ್ನು ಬಿಟ್ಟುಕೊಡತೊಡಗುವುದು. ಯಿಟ್ರಿಯಂ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಸಾವಿರ ಡಿಗ್ರಿಯ ಸಮೀಪಕ್ಕೆ ಹೋದರೂ ತನ್ನ ಜಲಜನಕದ ಬಹುಭಾಗವನ್ನು ಹಿಡಿದುಕೊಂಡಿರುವುದು. ಅದರ ಮಹಿಮೆಯೆಲ್ಲ ಈ ಒಂದು ಗುಣದಲ್ಲಿದೆ. ಇದನ್ನು ಮೊದಲು ಕಂಡುಕೊಂಡವರು ವಿಮಾನಕ್ಕೆ ಪರಮಾಣು ಎಂಜಿನ್ನನ್ನು ಕಟ್ಟಹೊರಟಿದ್ದ ಅಮೆರಿಕದವರು. 1946ರಲ್ಲಿ ಮೊದಲಾದ ಆ ಹವ್ಯಾಸದಲ್ಲಿ ಹದಿನೈದು ವರುಷಗಳೂ ಸುಮಾರು ನೂರು ಕೋಟಿ ಡಾಲರುಗಳೂ ವೆಚ್ಚವಾದವು. ಅಯೋವದ ಏಮ್ಸ್ ಪ್ರಯೋಗಶಾಲೆಯು ಇದಕ್ಕಾಗಿ ಟನ್ನುಗಟ್ಟಲೆ ಯಿಟ್ರಿಯಂ ಲೋಹವನ್ನು ತೆಗೆದುಕೊಟ್ಟಿತು. ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಅದಕ್ಕೆ ಜಲಜನಕವನ್ನು ತುಂಬುವ ವಿದ್ಯೆಯನ್ನು ಬೆಳೆಸಿದರು. ಪರಮಾಣು ವಿಮಾನವು ಹಾರಲಿಲ್ಲ. 1961ರ ಮಾರ್ಚಿಯಲ್ಲಿ ಅಧ್ಯಕ್ಷ ಕೆನಡಿಯವರು ಆ ಯೋಜನೆಯನ್ನು ಮುಚ್ಚಿದರು. ವಿಮಾನ ಹೋದರೂ ವಿದ್ಯೆ ಉಳಿಯಿತು. ಅರವತ್ತು ವರುಷಗಳ ತರುವಾಯ ಓಕ್ ರಿಡ್ಜ್ ಮತ್ತು ಲಾಸ್ ಅಲಾಮೋಸಿನವರು ಯಿಟ್ರಿಯಂ ಹೈಡ್ರೈಡನ್ನು ಮತ್ತೆ ಕೈಗೆತ್ತಿಕೊಂಡಾಗ ಆ ಹಳೆಯ ವರದಿಗಳನ್ನೇ ತೆರೆದುಕೊಂಡು ಕುಳಿತರು. ಸೋತ ಯೋಜನೆಯ ಕಾಗದಗಳನ್ನು ಕಾಪಾಡಿಡುವ ಅಭ್ಯಾಸ ನಮ್ಮ ಇಲಾಖೆಗಳಿಗೂ ಬಂದರೆ ಲೇಸು.

ಇಷ್ಟು ಕಾಲ ಮರೆತಿದ್ದುದನ್ನು ಈಗ ನೆನೆದುಕೊಂಡುದಕ್ಕೆ ಕಾರಣವು ವಿಜ್ಞಾನದಲ್ಲಿಲ್ಲ, ರಾಜಕಾರಣದಲ್ಲಿದೆ. ಬಾಂಬಿಗೆ ಒದಗುವಷ್ಟು ಸಮೃದ್ಧಗೊಳಿಸಿದ ಯುರೇನಿಯಂ ಕೈಯಲ್ಲಿದ್ದರೆ ಮಂದಕವೇ ಇಲ್ಲದೆ ಬಲು ಚಿಕ್ಕ ರಿಯಾಕ್ಟರನ್ನು ಕಟ್ಟಬಹುದು. ಅಮೆರಿಕದವರು 2018ರಲ್ಲಿ ನೆವಾಡದಲ್ಲಿ ಪರೀಕ್ಷಿಸಿದ ಕ್ರಸ್ಟಿ ಎಂಬುದು ಅಂಥದು. ಆದರೆ ಅಂಥ ಇಂಧನವನ್ನು ಊರೂರಿಗೆ ಕಳುಹಿಸುವುದೆಂದರೆ ಬಾಂಬಿನ ಸಾಮಗ್ರಿಯನ್ನೇ ಕಳುಹಿಸಿದಂತೆ. ಆದುದರಿಂದ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಸಮೃದ್ಧಿಯ ಯುರೇನಿಯಂನಲ್ಲಿಯೇ ನಡೆಯಬೇಕೆಂಬ ನಿಯಮವು ಬಲಗೊಂಡಿತು. ಸಮೃದ್ಧಿ ಇಳಿದರೆ ರಿಯಾಕ್ಟರಿನ ಗಾತ್ರವು ಬೆಳೆಯುವುದು. ಬೆಳೆಯದಂತೆ ತಡೆಯಬೇಕಾದರೆ ಒಳ್ಳೆಯ ಮಂದಕ ಬೇಕು. ಬಿಸಿಯನ್ನೂ ತಾಳಬೇಕಾದರೆ ಯಿಟ್ರಿಯಂ ಹೈಡ್ರೈಡ್ ಬೇಕು. ಓಕ್ ರಿಡ್ಜಿನವರು 2019ರಲ್ಲಿ ಇದನ್ನು ಮಂದಕವಾಗಿಟ್ಟುಕೊಂಡು ಹೊಸ ಬಗೆಯ ರಿಯಾಕ್ಟರೊಂದನ್ನು ಕಟ್ಟಲು ಮೊದಲುಮಾಡಿದರು. ಎರಡು ವರುಷಗಳಲ್ಲಿಯೇ ಕಟ್ಟುವ ಮಾತು ಕೈಬಿಟ್ಟುಹೋಗಿ, ಸಾಮಗ್ರಿಗಳ ಸಂಶೋಧನೆಯಷ್ಟೇ ಉಳಿಯಿತು. ಲಾಸ್ ಅಲಾಮೋಸಿನವರು 2021ರ ಜನವರಿಯಲ್ಲಿ ಹೈಪೇಷಿಯ ಎಂಬ ಪ್ರಯೋಗವನ್ನು ನೆವಾಡದಲ್ಲಿ ನಡೆಸಿ, ಯುರೇನಿಯಂ ನಡುವೆ ಯಿಟ್ರಿಯಂ ಹೈಡ್ರೈಡನ್ನು ಇಟ್ಟು ಕಾಯಿಸಿ ಕ್ರಿಯೆಯ ಏರಿಳಿತವನ್ನು ಅಳೆದರು.

ಈ ವಸ್ತುವನ್ನು ತಯಾರಿಸುವುದರಲ್ಲಿರುವ ತೊಡಕು ಎಲ್ಲಿದೆಯೆಂಬುದನ್ನು ಈಗ ನೋಡಬೇಕು. ನಮ್ಮ ಲೇಖನದ ಜೀವಾಳವು ಇದೇ. ಪರಮಾಣುವೊಂದು ನ್ಯೂಟ್ರಾನನ್ನು ನುಂಗುವ ಶಕ್ತಿಯನ್ನು ಬಾರ್ನ್ ಎಂಬ ಮಾನದಿಂದ ಅಳೆಯುವರು. ನಿಧಾನವಾದ ನ್ಯೂಟ್ರಾನುಗಳ ಮಟ್ಟಿಗೆ ಯಿಟ್ರಿಯಂನ ನುಂಗುವ ಶಕ್ತಿ ಸುಮಾರು 1.3 ಬಾರ್ನ್. ಜಿರ್ಕೋನಿಯಂನ 0.18ಕ್ಕೆ ಹೋಲಿಸಿದರೆ ಹೆಚ್ಚಾದರೂ ಇದು ಸಹಿಸತಕ್ಕಷ್ಟೇ ಇದೆ. ಅದೇ ವಂಶದ ಗ್ಯಾಡೊಲಿನಿಯಂನದು ಸುಮಾರು 49,000 ಬಾರ್ನ್! ಸಮೇರಿಯಂ, ಯೂರೋಪಿಯಂಗಳದು ಸಾವಿರಗಳಲ್ಲಿ. ಒಂದೇ ಮನೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಒಬ್ಬನು ನ್ಯೂಟ್ರಾನನ್ನು ಉಪಚರಿಸಿ ಕಳುಹಿಸುವವನು, ಇನ್ನೊಬ್ಬನು ಕಂಡಲ್ಲಿ ನುಂಗುವವನು. ರಸಾಯನಶಾಸ್ತ್ರದ ಕಣ್ಣಿಗೆ ಅವರಿಬ್ಬರೂ ಹೆಚ್ಚುಕಡಮೆ ಒಂದೇ ಮುಖದವರು. ಅದಿರಿನಲ್ಲಿಯೂ ಜತೆಯಾಗಿಯೇ ಬರುವವರು. ಲೆಕ್ಕವನ್ನು ವಾಚಕರು ತಾವೇ ಹಾಕಿ ನೋಡಬಹುದು: ಯಿಟ್ರಿಯಂನ ಹತ್ತು ಸಾವಿರ ಪರಮಾಣುಗಳ ನಡುವೆ ಗ್ಯಾಡೊಲಿನಿಯಂನ ಒಂದೇ ಒಂದು ಪರಮಾಣು ಉಳಿದುಕೊಂಡರೂ, ಆ ಒಂದು ನುಂಗುವುದು ಉಳಿದ ಹತ್ತು ಸಾವಿರವೂ ಕೂಡಿ ನುಂಗುವುದರ ಮೂರೂ ಮುಕ್ಕಾಲು ಪಟ್ಟಿನಷ್ಟಾಗುವುದು. ದೀಪದ ಪುಡಿಗೆ ಸಾಕಾಗುವ ಯಿಟ್ರಿಯಂ ರಿಯಾಕ್ಟರಿಗೆ ವಿಷವಾಗಬಲ್ಲುದು.

ಈ ಸೋದರರನ್ನು ಬೇರ್ಪಡಿಸುವ ವಿದ್ಯೆಯು ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಬೇಸರ ತರುವಂಥದು. ಆಮ್ಲದಲ್ಲಿ ಕರಗಿಸಿದ ಅದಿರಿನ ಸಾರವನ್ನು ಎಣ್ಣೆಯಂಥ ದ್ರಾವಕದೊಡನೆ ಕಲಕಿದರೆ ಒಂದು ಲೋಹವು ಇನ್ನೊಂದಕ್ಕಿಂತ ಎಳ್ಳಷ್ಟು ಹೆಚ್ಚಾಗಿ ದ್ರಾವಕಕ್ಕೆ ಹೋಗುವುದು. ಆ ಎಳ್ಳಷ್ಟು ಭೇದವನ್ನು ನೂರಾರು ತೊಟ್ಟಿಗಳಲ್ಲಿ ಮತ್ತೆ ಮತ್ತೆ ಕೂಡಿಸುತ್ತ ಹೋಗಬೇಕು. ಅಲ್ಲಿ ಸಿಕ್ಕುವುದು ಆಕ್ಸೈಡಿನ ಪುಡಿ. ಅದನ್ನು ಫ್ಲೋರೈಡ್ ಮಾಡಿ, ಕ್ಯಾಲ್ಸಿಯಂನಿಂದ ಕಾಯಿಸಿ ಲೋಹವನ್ನು ತೆಗೆಯಬೇಕು, ಗಾಳಿ ಸೋಕದಂತೆ ಕರಗಿಸಬೇಕು, ಅನಂತರ ಜಲಜನಕ. ಜಲಜನಕವನ್ನು ಹೀರುವಾಗ ಲೋಹವು ನೂರಕ್ಕೆ ಐದಾರರಷ್ಟು ಉಬ್ಬುವುದು. ಅವಸರ ಮಾಡಿದರೆ ಬಿರುಕು ಬಿಟ್ಟು ಕೈಗೆ ಪುಡಿಯೇ ಬರುವುದು. ಆದುದರಿಂದ ಉಷ್ಣತೆಯನ್ನೂ ಒತ್ತಡವನ್ನೂ ದಿವಸಗಟ್ಟಲೆ ಅಂಗುಲ ಅಂಗುಲವಾಗಿ ನಡೆಸಬೇಕು. ಚೀನವು ಇಂದು ಕುಳಿತಿರುವ ಎತ್ತರವು ಅದಿರಿನ ರಾಶಿಯದಲ್ಲ, ಈ ತೊಟ್ಟಿಗಳದು. ಅದರ ದಕ್ಷಿಣ ಪ್ರಾಂತಗಳ ಕೆಂಪು ಜೇಡಿಯಲ್ಲಿ ಯಿಟ್ರಿಯಂ ಮತ್ತು ಭಾರವಾದ ವಿರಳ ಲೋಹಗಳು ದೊರೆಯುವುದು ನಿಜ; ಆದರೆ ಬರ್ಮದ ಕಚಿನ್ ಸೀಮೆಯಲ್ಲಿ ಅಗೆದ ಸಾರವೂ ಬೇರ್ಪಡುವುದಕ್ಕೆ ಚೀನದ ಗಡಿಯನ್ನೇ ದಾಟಿ ಹೋಗಬೇಕಾಗಿದೆ. ಅಲ್ಲಿಯ ಬೆಟ್ಟಗಳ ಗತಿ, ತೊರೆಗಳ ಗತಿ ಏನಾಯಿತೆಂಬುದು ಬೇರೆಯೇ ಒಂದು ಲೇಖನದ ವಿಷಯ.

ತಯಾರಿಸಿದ ಮೇಲೂ ತಾಪತ್ರಯ ಮುಗಿಯಲಿಲ್ಲ. ಕೆಂಪಗೆ ಕಾದ ಉಕ್ಕಿನ ಗೋಡೆಯ ಮೂಲಕ ಜಲಜನಕವು ಬಟ್ಟೆಯಲ್ಲಿ ನೀರು ಸೋರುವಂತೆ ಸೋರುವುದು. ಸ್ನ್ಯಾಪ್ ರಿಯಾಕ್ಟರಿನವರು ಇಂಧನದ ಕೊಳವೆಯ ಒಳಮೈಗೆ ಗಾಜಿನಂಥ ಲೇಪವನ್ನು ಬಳಿದು ಇದನ್ನು ತಡೆದಿದ್ದರು. ಇನ್ನೂ ಹೆಚ್ಚಿನ ಶಾಖದಲ್ಲಿ, ಹತ್ತಾರು ವರುಷಗಳ ಕಾಲ ನಿಲ್ಲುವ ಲೇಪ ಬೇಕಾದರೆ ಅದು ಬೇರೆ ಮಾತು. ಸುರಕ್ಷತೆಯ ವಿಷಯದಲ್ಲಿಯೂ ಟ್ರೈಗಾದ ಕೀರ್ತಿಯನ್ನು ಯಿಟ್ರಿಯಂ ಹೈಡ್ರೈಡಿಗೆ ಹಾಗೆಯೇ ಹಚ್ಚುವಂತಿಲ್ಲ. ಟ್ರೈಗಾದಲ್ಲಿ ಇಂಧನವೂ ಮಂದಕವೂ ಒಂದೇ ಒಡಲಾದುದರಿಂದ ಎರಡೂ ಒಮ್ಮೆಗೇ ಕಾಯುವುವು. ಹೊಸ ನಕ್ಷೆಗಳಲ್ಲಿ ಅವು ಬೇರೆ ಬೇರೆ. ಯಿಟ್ರಿಯಂ ಹೈಡ್ರೈಡ್ ಕಾದಾಗ ಅದರ ಪಾಲಿನ ಪರಿಣಾಮವು ಕ್ರಿಯೆಯನ್ನು ಕುಗ್ಗಿಸುವ ಬದಲು ತುಸು ಏರಿಸುವ ಕಡೆಗಿರುವುದೆಂದು ಹೈಪೇಷಿಯದ ಅಳತೆಗಳು ತೋರಿಸಿವೆ. ಇಂಧನದ ಕುಗ್ಗಿಸುವ ಗುಣವು ಅದನ್ನು ಮೀರಿಸುವಂತೆ ನಕ್ಷೆಯನ್ನು ಹೂಡಿದರೆ ಭಯವಿಲ್ಲ. ಆದರೆ ಹಾಗೆ ಹೂಡಿದೆಯೇ ಎಂದು ನೋಡತಕ್ಕ ಅಧಿಕಾರಿಗಳು ಈ ಭೇದವನ್ನು ಅರಿತಿರಬೇಕು.

ವಿರಳ ಲೋಹಗಳ ಹೈಡ್ರೈಡುಗಳಿಗೆ ಬೇರೆ ಉಪಯೋಗಗಳೂ ಇವೆ. ಎರ್ಬಿಯಂ ಮತ್ತು ಸ್ಕ್ಯಾಂಡಿಯಂಗಳ ತೆಳುಹಾಳೆಯಲ್ಲಿ ಜಲಜನಕದ ವಿಕಿರಣಶೀಲ ಸೋದರನಾದ ಟ್ರಿಟಿಯಂ ಅನ್ನು ತುಂಬಿ ನ್ಯೂಟ್ರಾನುಗಳನ್ನು ಹೊಮ್ಮಿಸುವ ಕೊಳವೆಗಳನ್ನು ಮಾಡುವರು. ಟ್ರಿಟಿಯಂ ಹನ್ನೆರಡು ವರುಷಗಳಲ್ಲಿ ಅರ್ಧ ಕರಗಿ ಹೀಲಿಯಂ ಆಗುವುದರಿಂದ ಹಾಳೆ ಒಳಗಿನಿಂದಲೇ ಹಳತಾಗುವುದು. ಆ ಕೊಳವೆಗಳು ಎಣ್ಣೆಬಾವಿಗಳ ಪರೀಕ್ಷೆಗೂ ಬರುವುವು, ಅಸ್ತ್ರಗಳಿಗೂ ಹೋಗುವುವು. ಲ್ಯಾಂಥನಂ ಮತ್ತು ನಿಕ್ಕಲುಗಳ ಮಿಶ್ರಲೋಹವು ಜಲಜನಕವನ್ನು ಹೀರಿ ಬಿಡುವ ಗುಣವೇ ಮೋಟಾರು ಗಾಡಿಗಳ ಒಂದು ತಲೆಮಾರಿನ ಬ್ಯಾಟರಿಗಳಿಗೆ ಆಧಾರವಾಯಿತು. ಗದ್ದಲದ ಸುದ್ದಿಗಳಿಗೂ ಬರವಿಲ್ಲ: ಲುಟೀಷಿಯಂ ಹೈಡ್ರೈಡಿನಲ್ಲಿ ಸಾಮಾನ್ಯ ಉಷ್ಣತೆಯಲ್ಲಿಯೇ ವಿದ್ಯುತ್ತು ಅಡ್ಡಿಯಿಲ್ಲದೆ ಹರಿಯಿತೆಂದು 2023ರ ಮಾರ್ಚಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೇಖನವನ್ನು ಅದೇ ವರುಷ ನವೆಂಬರಿನಲ್ಲಿ ಹಿಂದಕ್ಕೆ ತೆಗೆಯಲಾಯಿತು.

ಇನ್ನು ನಮ್ಮ ಮರಳಿನ ಮಾತು. ತಿರುವಾಂಕೂರಿನ ಕಡಲತೀರದಲ್ಲಿ ಮೊನಜೈಟ್ ಎಂಬ ಭಾರವಾದ ಮರಳು ಇರುವುದನ್ನು ಒಬ್ಬ ಜರ್ಮನನು 1909ರಲ್ಲಿ ಕಂಡುಹಿಡಿದನು. ಆಗ ಅದು ಹೋಗುತ್ತಿದ್ದುದು ಯುರೋಪಿನ ಗ್ಯಾಸ್ ದೀಪಗಳ ಮ್ಯಾಂಟಲಿಗಾಗಿ. ಅದರಲ್ಲಿರುವ ಥೋರಿಯಂ ಪರಮಾಣು ಶಕ್ತಿಗೆ ಬೇಕಾದುದೆಂದು ತಿಳಿದ ಮೇಲೆ ಸ್ವತಂತ್ರ ಭಾರತವು ರಫ್ತನ್ನು ನಿಲ್ಲಿಸಿ, 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆಯನ್ನು ಕಟ್ಟಿ, 1952ರಲ್ಲಿ ಆಲುವೆಯಲ್ಲಿ ಕಾರಖಾನೆಯನ್ನು ತೆರೆಯಿತು. ಅಂದರೆ, ಚೀನದ ಹೆಸರು ಈ ವ್ಯಾಪಾರದಲ್ಲಿ ಕೇಳಿಬರುವುದಕ್ಕೆ ದಶಕಗಳ ಮುಂಚೆಯೇ ನಾವು ಈ ಕೆಲಸಕ್ಕೆ ಕೈಯಿಕ್ಕಿದ್ದೆವು. ದೇಶದಲ್ಲಿ 1 ಕೋಟಿ 31 ಲಕ್ಷ ಟನ್ನಿಗೂ ಮಿಕ್ಕ ಮೊನಜೈಟ್ ಇದೆಯೆಂದೂ, ಅದರಲ್ಲಿ 72 ಲಕ್ಷ ಟನ್ನಿಗೂ ಮೇಲ್ಪಟ್ಟು ವಿರಳ ಲೋಹಗಳ ಆಕ್ಸೈಡ್ ಇದೆಯೆಂದೂ ಸರಕಾರವು 2025ರಲ್ಲಿ ಪಾರ್ಲಿಮೆಂಟಿಗೆ ತಿಳಿಸಿತು.

ಸಭೆಗಳಲ್ಲಿ ಹೇಳುವ ಅಂಕೆ ಇಲ್ಲಿಗೆ ನಿಲ್ಲುವುದು. ಆ 72 ಲಕ್ಷ ಟನ್ನಿನಲ್ಲಿ ಯಾವ ಯಾವ ಲೋಹ ಎಷ್ಟೆಷ್ಟು ಎಂಬುದನ್ನು ಯಾರೂ ಹೇಳುವುದಿಲ್ಲ. ನಮ್ಮ ಮೊನಜೈಟಿನ ವಿರಳ ಲೋಹಗಳಲ್ಲಿ ಸೀರಿಯಂ ಒಂದೇ ಸುಮಾರು ಅರ್ಧದಷ್ಟು. ಲ್ಯಾಂಥನಂ ಮತ್ತು ನಿಯೋಡಿಮಿಯಂಗಳು ಉಳಿದುದರ ಬಹುಪಾಲು. ಯಿಟ್ರಿಯಂನ ಪಾಲು ನೂರಕ್ಕೆ ಒಂದಕ್ಕೂ ಕಡಿಮೆ. ಭಾರವಾದ ವಿರಳ ಲೋಹಗಳು ತೆಗೆಯತಕ್ಕಷ್ಟು ಪ್ರಮಾಣದಲ್ಲಿ ನಮ್ಮಲ್ಲಿ ಇಲ್ಲವೆಂದು ಸರಕಾರವೇ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡಿದೆ. ಯಿಟ್ರಿಯಂ ಅಧಿಕವಾಗಿರುವ ಕ್ಸೆನೋಟೈಮ್ ಎಂಬ ಖನಿಜವು ಛತ್ತೀಸಗಢ ಝಾರಖಂಡಗಳ ನದಿಯ ಮರಳಿನಲ್ಲಿ ಕಂಡುಬಂದಿದ್ದರೂ ಅದು ಅಲ್ಪ. ಆದುದರಿಂದ "ಇವೆಲ್ಲ ನಮ್ಮಲ್ಲಿಯೇ ಇವೆ" ಎಂಬ ಮಾತು ಮೋಟಾರಿನ ಅಯಸ್ಕಾಂತಕ್ಕೆ ಬೇಕಾದ ನಿಯೋಡಿಮಿಯಂ ಮಟ್ಟಿಗೆ ನಿಜ, ರಿಯಾಕ್ಟರಿನ ಯಿಟ್ರಿಯಂ ಮಟ್ಟಿಗೆ ನಿಜವಲ್ಲ. ಅಯಸ್ಕಾಂತಗಳ ತಯಾರಿಕೆಗೆ 2025ರ ನವೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಒಪ್ಪಿದ 7,280 ಕೋಟಿ ರೂಪಾಯಿಗಳ ಯೋಜನೆಯು ಈ ದೃಷ್ಟಿಯಿಂದ ನಮ್ಮ ಮರಳಿಗೆ ಹೊಂದುವ ಯೋಜನೆಯೇ ಸರಿ. ಆ ಹಣದಲ್ಲಿ ಲೋಹವನ್ನು ಬೇರ್ಪಡಿಸಿ ಕರಗಿಸುವ ನಡುವಣ ಮೆಟ್ಟಿಲುಗಳಿಗೆ ಎಷ್ಟು ಸಲ್ಲುವುದೆಂಬುದನ್ನು ಕೇಳುವ ಹಕ್ಕು ತೆರಿಗೆ ಕೊಡುವವರಿಗಿದೆ.

ಕೆಲವರು ಯಿಟ್ರಿಯಂ ಬದಲು ಸೀರಿಯಂ ಹೈಡ್ರೈಡನ್ನೇ ಏಕೆ ಬಳಸಬಾರದೆಂದು ಕೇಳಬಹುದು. ಪ್ರಶ್ನೆ ಅಲ್ಲಗಳೆಯತಕ್ಕದ್ದಲ್ಲ. ಸೀರಿಯಂನ ನ್ಯೂಟ್ರಾನು ನುಂಗುವ ಶಕ್ತಿ ಯಿಟ್ರಿಯಂನ ಅರ್ಧದಷ್ಟೇ. ಜಲಜನಕವನ್ನು ಬಿಸಿಯಲ್ಲಿ ಹಿಡಿದಿಡುವ ಬಲವೂ ಸಾಮಾನ್ಯವಾದುದಲ್ಲ. ನಮ್ಮಲ್ಲಿ ಬೇಡಿಕೆಗಿಂತ ಹೆಚ್ಚಾಗಿಯೇ ಸಿಕ್ಕುವ ವಸ್ತು ಅದು. ಆದರೆ ಒಂದೇ ಗಾತ್ರದಲ್ಲಿ ಅಡಗುವ ಜಲಜನಕ ಯಿಟ್ರಿಯಂಗಿಂತ ಐದರಲ್ಲೊಂದು ಪಾಲು ಕಡಿಮೆ, ಮತ್ತು ಸೀರಿಯಂ ಹೈಡ್ರೈಡ್ ಗಾಳಿ ಸೋಕಿದರೆ ಹೊತ್ತಿಕೊಳ್ಳುವ ಜಾತಿಯದು. ಒಂದು ಪ್ರಯೋಗಶಾಲೆಯು ಕೆಲವು ವರುಷ ಶ್ರಮಪಟ್ಟು ಹೌದು ಅಥವಾ ಅಲ್ಲ ಎಂದು ಹೇಳುವುದಕ್ಕೆ ತಕ್ಕ ವಿಷಯವಿದು. ಅದಕ್ಕೆ ತಗಲುವ ವೆಚ್ಚವು ಒಂದು ಉತ್ಸವದ ವೆಚ್ಚಕ್ಕಿಂತ ಹೆಚ್ಚಾಗಲಾರದು.

ಚಿಕ್ಕ ರಿಯಾಕ್ಟರುಗಳಿಗಾಗಿ 2025ರ ಮುಂಗಡ ಪತ್ರದಲ್ಲಿ 20,000 ಕೋಟಿ ರೂಪಾಯಿಗಳನ್ನು ತೆಗೆದಿಟ್ಟು, 2033ರೊಳಗೆ ಕಡಮೆಯೆಂದರೆ ಐದನ್ನು ನಡೆಸುವುದಾಗಿ ಸರಕಾರ ಹೇಳಿತು. ಭಾಭಾ ಪರಮಾಣು ಸಂಶೋಧನ ಕೇಂದ್ರವು ಇದಕ್ಕಾಗಿ ರೂಪಿಸಿರುವುದಾಗಿ ಪ್ರಕಟವಾದ 200 ಮತ್ತು 55 ಮೆಗಾವಾಟಿನ ನಕ್ಷೆಗಳು ನೀರನ್ನೇ ನಂಬಿದವು. ಅವುಗಳಿಗೆ ಯಿಟ್ರಿಯಂ ಬೇಡ. ಚೀನದ ಪಟ್ಟಿಯಿಂದ ಈ ಯೋಜನೆಯು ನಿಂತುಹೋಗುವುದೆಂದು ಹೆದರಿಸುವವರ ಮಾತಿಗೂ, ಮರಳಿದ್ದರೆ ರಿಯಾಕ್ಟರು ತಾನೇ ಬರುವುದೆಂದು ಹಿಗ್ಗುವವರ ಮಾತಿಗೂ ಆಧಾರ ಸಮನಾಗಿಯೇ ಕಡಿಮೆ. ಅಂತರಿಕ್ಷಕ್ಕೋ ಹಿಮಾಲಯದ ಠಾಣ್ಯಗಳಿಗೋ ಬಲು ಚಿಕ್ಕದಾದ, ಬಲು ಬಿಸಿಯಾದ ರಿಯಾಕ್ಟರು ಬೇಕೆಂದು ನಾಳೆ ನಿಶ್ಚಯವಾದರೆ ಮಾತ್ರ ಹೈಡ್ರೈಡಿನ ಪ್ರಶ್ನೆ ಬಾಗಿಲಿಗೆ ಬರುವುದು. ಆಗ ಬೇಕಾಗುವುದು ಕೆಲವು ಟನ್ನು ಯಿಟ್ರಿಯಂ. ಅದಿರನ್ನು ಹೊರಗಿನಿಂದ ತಂದರೂ ನಡೆಯುವುದು. ಆದರೆ ಗ್ಯಾಡೊಲಿನಿಯಂನ ಕೊನೆಯ ಕಣವನ್ನು ತೆಗೆಯಬಲ್ಲ ತೊಟ್ಟಿಗಳ ಸಾಲು, ಬಿರುಕಿಲ್ಲದೆ ಜಲಜನಕ ತುಂಬಬಲ್ಲ ಕುಲುಮೆ, ಅದರ ಮುಂದೆ ಹತ್ತು ವರುಷ ನಿಂತು ಕೈ ಪಳಗಿದ ಕೆಲಸಗಾರರು, ಇವನ್ನು ಯಾವ ಹಡಗೂ ಹೊತ್ತು ತರುವುದಿಲ್ಲ. ಆಲುವೆಯ ಕಾರಖಾನೆಯನ್ನು ವಿಸ್ತರಿಸುವುದಾದರೆ ಎಷ್ಟು ಟನ್ನು ಎಂಬ ಗುರಿಯ ಜತೆಗೆ ಎಷ್ಟು ಶುದ್ಧಿ ಎಂಬ ಗುರಿಯನ್ನೂ ಬರೆದಿಡಬೇಕೆಂದು ನಾವು ಸೂಚಿಸುತ್ತೇವೆ.

ಮರಳು ತೆಗೆಯುವ ತೀರದಲ್ಲಿ ಜನರು ಇದ್ದಾರೆಂಬುದನ್ನೂ ಯೋಜನೆ ಬರೆಯುವವರು ಮರೆಯುವಂತಿಲ್ಲ. ಕೊಲ್ಲಂ ಜಿಲ್ಲೆಯ ಆಲಪ್ಪಾಡಿನ ಮೀನುಗಾರರು ತಮ್ಮ ನೆಲವನ್ನು ಸಮುದ್ರ ನುಂಗುತ್ತಿದೆಯೆಂದು ಹೇಳಿ 2018ರ ಕೊನೆಯಿಂದ ತಿಂಗಳುಗಟ್ಟಲೆ ಸತ್ಯಾಗ್ರಹ ಹೂಡಿದ್ದರು. ಒಂದು ಟನ್ನು ಯಿಟ್ರಿಯಂಗಾಗಿ ಅಲ್ಲಿ ಎಷ್ಟು ಸಾವಿರ ಟನ್ನು ಮರಳನ್ನು ಅಗೆಯಬೇಕಾಗುವುದೆಂಬ ಲೆಕ್ಕವನ್ನು, ಅಗೆಯುವ ಆಜ್ಞೆಗೆ ಸಹಿ ಮಾಡುವ ಮುಂಚೆ, ಸಂಬಂಧಪಟ್ಟ ಇಲಾಖೆಯು ಆ ಹಳ್ಳಿಯ ಪಂಚಾಯತಿಯ ಮುಂದೆ ಇಡಬೇಕು.